ಕ್ಯಾರಿಯರ್ ಇಲ್ಲದ ಸೈಕಲ್ಲು

ನಾಲ್ಕು ಜನ ಕೇಳಿ ನಗುವಂಥದ್ದು ನನಗೆ ಆಗುವುದು ಯಾವಾಗಲೂ ದಾರಿಯಲ್ಲೇ. ಮನೆಯಲ್ಲಿ ಆಗಬೇಕಾದರೆ ಮೊದಲು ಮನೆ ಅಂತ ಒಂದು ಇರಬೇಕಲ್ಲ. ಆರನೇ ಕ್ಲಾಸಿಗೆ ಶಾಲೆ ಬಿಟ್ಟವನು ನಾನು. ಕಾಲಿಗೆ ಚಕ್ರ ಕಟ್ಟಿಕೊಂಡೇ ಹುಟ್ಟಿದಾನೆ ಅಂತ ಅವ್ವ ಬೈಯುತ್ತಿದ್ದಳು. ಅವಳು ಹೋದ ಮೇಲೆ ಬೈಯುವವರೂ ಇಲ್ಲವಾದರು. ತಿರುಗುವ ಚಟಕ್ಕೆ ಸರಿಯಾಗಿ ಹೊಲಿಗೆ ಮಿಷನ್ ರಿಪೇರಿ ಕಲಿತೆ. ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು, ಈ ಊರುಗಳ ದರ್ಜಿಗಳೇ ನನ್ನ ಗಿರಾಕಿಗಳು. ಹೆಗಲಿಗೊಂದು ಚೀಲ. ಅದರೊಳಗೆ ಸ್ಪ್ಯಾನರು, ಸ್ಕ್ರೂಡ್ರೈವರು, ಎಣ್ಣೆ ಕುಪ್ಪಿ, ಒಂದು ಜೊತೆ ಬಟ್ಟೆ.

ಈ ಕಸುಬಿನಲ್ಲಿ ಒಂದು ತೊಂದರೆ. ಮಿಷನ್ ಕೆಟ್ಟಿರುವ ತನಕ ದರ್ಜಿ ಚೆನ್ನಾಗಿ ಮಾತಾಡುತ್ತಾನೆ. ಸರಿ ಹೋಯಿತೋ, ತುಳಿಯಲು ಶುರು ಮಾಡುತ್ತಾನೆ. ಆ ಸದ್ದಿನಲ್ಲಿ ನನ್ನ ಮಾತು ಅವನಿಗೆ ಕೇಳಿಸುವುದಿಲ್ಲ. ಎದ್ದು ಹೊರಡುತ್ತೇನೆ.

ದಿನ ಹೇಗೋ ಕಳೆಯುತ್ತದೆ. ಹಬ್ಬ ಕಳೆಯುವುದು ಕಷ್ಟ. ಅವತ್ತು ಹೋಟೆಲಿನವರು ಬಾಗಿಲು ಹಾಕಿಕೊಂಡು ತಮ್ಮ ಮನೆಗೆ ಹೋಗಿರುತ್ತಾರೆ. ಬೀದಿಯ ತುಂಬ ಬೆಲ್ಲದ ಪಾಕದ ವಾಸನೆ. ವರ್ಷಕ್ಕೊಂದು ಹಬ್ಬವಾದರೂ ಯಾರದಾದರೂ ಮನೆಯೊಳಗೆ ಚಾಪೆ ಮೇಲೆ ಕೂತು ಉಣ್ಣಬೇಕು ಅನ್ನುವುದು ನನ್ನ ಆಸೆ. ಆ ಆಸೆಗೂ ಈ ಸೈಕಲ್ಲಿಗೂ ಏನು ಸಂಬಂಧ ಅನ್ನುವುದು ಕೊನೆಗೆ ಬರುತ್ತದೆ.

೧. ಆರಿಸಿದ್ದು

ಮೊದಲು ನನ್ನ ಹತ್ತಿರ ಇದ್ದದ್ದು ಎಲ್ಲರ ಹತ್ತಿರ ಇರುವಂಥ ಎತ್ತರದ ಕಪ್ಪು ಸೈಕಲ್ಲು. ಆಷಾಢದಲ್ಲಿ ಜಗಳೂರಿನ ದಾರಿ ಹಿಡಿದರೆ ಎದುರುಗಾಳಿ ಎದೆಗೆ ಕೈ ಕೊಟ್ಟು ತಳ್ಳುತ್ತಿತ್ತು. ತುಳಿದಷ್ಟೂ ಅದೇ ಬೇಲಿ, ಅದೇ ಗಿಡ. ಗದ್ದ ಹ್ಯಾಂಡಲಿಗೆ ತಾಗುವಂತೆ ಬಗ್ಗಿದರೆ ಮಾತ್ರ ಗಾಳಿ ಬೆನ್ನ ಮೇಲಿಂದ ಹಾದುಹೋಗುತ್ತದೆ ಅಂತ ಕಂಡುಕೊಂಡೆ. ಬಗ್ಗುವುದೇ ಆದರೆ, ಬಗ್ಗಲಿಕ್ಕೆಂದೇ ಮಾಡಿದ ಸೈಕಲ್ಲು ಯಾಕಾಗಬಾರದು?

ಅಂಥದೊಂದು ಚನ್ನಗಿರಿಯ ಸೈಕಲ್ ಶಾಪಿನ ತೊಲೆಗೆ ನೇತಾಡುತ್ತಿತ್ತು. ನೀರಾವರಿ ಚಾನಲ್ ಕೆಲಸಕ್ಕೆ ಬಂದಿದ್ದ ಎಂಜಿನಿಯರೊಬ್ಬರು ವರ್ಗವಾದಾಗ ಮಾರಿ ಹೋದದ್ದು. ಟಗರಿನ ಕೊಂಬಿನಂತೆ ಕೆಳಕ್ಕೆ ಸುತ್ತಿಕೊಂಡ ಹ್ಯಾಂಡಲು, ಹೆಬ್ಬೆರಳು ದಪ್ಪದ ಟೈರು. ಮಡ್‌ಗಾರ್ಡ್ ಇಲ್ಲ, ಬೆಲ್ ಇಲ್ಲ, ಸ್ಟ್ಯಾಂಡ್ ಇಲ್ಲ, ಕ್ಯಾರಿಯರ್ ಇಲ್ಲ.

"ಈ ಗಾಲಿ ಡಾಂಬರಿಗೆ ಮಾತ್ರ ಕಣ್ರೀ," ಅಂದರು ಶಾಪಿನ ಮೇಸ್ತ್ರಿ. "ನೀವು ತಿರುಗೋ ದಾರಿಯಾಗೆ ಡಾಂಬರು ಎಷ್ಟೈತೆ?"

"ಅರ್ಧ."

"ಇನ್ನರ್ಧ?"

"ಮಣ್ಣು, ಜಲ್ಲಿ, ಚಾನಲ್ ಏರಿ."

ಮೇಸ್ತ್ರಿ ಸೈಕಲ್ಲನ್ನು ಒಂದೇ ಕೈಯಲ್ಲಿ ಇಳಿಸಿ ತೂಗಿ ನೋಡಿದರು. "ಹಗುರ ಐತೆ, ತಗೊಳ್ರಿ. ಅರ್ಧ ದಾರಿ ಅದು ನಿಮ್ಮನ್ನ ಹೊರ್ಲಿ, ಇನ್ನರ್ಧ ನೀವು ಅದನ್ನ ಹೊರ್ರಿ. ಇಬ್ರಿಗೂ ಅನ್ಯಾಯ ಆಗಲ್ಲ. ಕ್ಯಾರಿಯರ್ ಒಂದು ಹಾಕ್ಲಾ?"

"ಬ್ಯಾಡ, ಭಾರ ಆಗುತ್ತೆ. ಹಿಂದೆ ಕೂರೋರು ಯಾರೂ ಇಲ್ಲ."

ಮೇಸ್ತ್ರಿ ನನ್ನ ಮುಖ ಒಂದು ಗಳಿಗೆ ನೋಡಿ ಸ್ಪ್ಯಾನರು ಎತ್ತಿಕೊಂಡರು. "ಹಂಗಾದ್ರೆ ಸೀಟು ಬಿಗಿ ಮಾಡ್ತೀನಿ. ಕೂರಾಕೆ ನೀವೊಬ್ರಾದ್ರೂ ಇದ್ದೀರಲ್ಲ."

೨. ಕಳೆದದ್ದು

ಬಸವಾಪಟ್ಟಣದ ಕಡೆ ಹೋಗುತ್ತಿದ್ದೆ. ತಲೆ ತಗ್ಗಿಸಿ, ಕಣ್ಣು ನೆಲಕ್ಕೆ ನೆಟ್ಟು, ಗಾಳಿಯ ಕೆಳಗೆ ನುಸುಳುತ್ತಿದ್ದೆ. ರಸ್ತೆ ಪಕ್ಕದ ಹೊಲದಲ್ಲಿ ಕಳೆ ತೆಗೆಯುತ್ತಿದ್ದ ಹೆಂಗಸರಲ್ಲಿ ವಯಸ್ಸಾದವಳೊಬ್ಬಳು ಎದ್ದು ನಿಂತು ಕೂಗಿದಳು.

"ಏನ್ ಕಳಕೊಂಡಿ ತಮ್ಮಾ?"

ಬ್ರೇಕ್ ಹಿಡಿದೆ. "ಏನೂ ಇಲ್ಲಬೇ."

"ಏನೂ ಇಲ್ದೆ ಯಾರಾದ್ರೂ ನೆಲ ಮೂಸ್ಕೊಂಡು ಹೋಗ್ತಾರಾ? ನಾಚ್ಕಂಬ್ಯಾಡ, ಹೇಳು."

ಗಾಳಿಯ ವಿಷಯ ಹೇಳೋಣ ಅಂದುಕೊಂಡೆ. ಅಷ್ಟರಲ್ಲಿ ಹೆಂಗಸರೆಲ್ಲ ಕುಡುಗೋಲು ಕೆಳಗಿಟ್ಟು ರಸ್ತೆಗೆ ಬಂದಾಗಿತ್ತು. ಒಬ್ಬಳು ಆ ಅಂಚು, ಇನ್ನೊಬ್ಬಳು ಈ ಅಂಚು. ಗಿರಾಕಿಗಳನ್ನು ಬಿಟ್ಟರೆ ಆ ವಾರದಲ್ಲಿ ನನ್ನನ್ನು ಮಾತಾಡಿಸಿದವರು ಅವರೇ. ಏನೂ ಕಳೆದಿಲ್ಲ ಅಂದರೆ ಎಲ್ಲರೂ ವಾಪಸ್ ಹೊಲಕ್ಕೆ ಇಳಿಯುತ್ತಾರೆ.

"ಒಂದು ಸ್ಕ್ರೂ ಬಿದ್ದೈತೆ," ಅಂದೆ.

ನಾನೂ ಬಗ್ಗಿ ಹುಡುಕತೊಡಗಿದೆ. ಹುಡುಕುತ್ತಾ ಯಾವೂರು, ಯಾರ ಪೈಕಿ, ಮದುವೆ ಆಗೈತಾ, ಎಲ್ಲಾ ವಿಚಾರಣೆ ಆಯಿತು. ಕೊನೆಗೆ ಆ ಮುದುಕಿಯೇ "ಸಿಕ್ತು" ಅಂತ ಕೈ ಎತ್ತಿದಳು. ಅವಳ ಕೈಯಲ್ಲಿದ್ದದ್ದು ಗೇಣುದ್ದದ, ತುಕ್ಕು ಹಿಡಿದ ಲಾರಿ ಬೋಲ್ಟು.

"ಇದೇ ಅಲ್ವಾ?"

"ಇದೇ," ಅಂದೆ.

ಅವಳು ಬೋಲ್ಟನ್ನು ನೋಡಿದಳು, ಕಡ್ಡಿಯಂಥ ನನ್ನ ಸೈಕಲ್ಲನ್ನು ನೋಡಿದಳು. "ಇಷ್ಟು ದೊಡ್ಡದು ಬಿದ್ರೂ ಗೊತ್ತಾಗ್ಲಿಲ್ಲ ಅಂದ್ರೆ, ಸೈಕಲ್ಲಿನಾಗೆ ಇನ್ನೇನು ಉಳಿದೈತೆ ತಮ್ಮಾ?"

ಆ ಬೋಲ್ಟು ಬಹಳ ಕಾಲ ನನ್ನ ಚೀಲದಲ್ಲೇ ಇತ್ತು. ಭಾರ ಆಗುತ್ತೆ ಅಂತ ಕ್ಯಾರಿಯರ್ ಬೇಡ ಅಂದವನು ನಾನು.

೩. ಕೊಂಬು

ನ್ಯಾಮತಿಯಲ್ಲಿ ರಾತ್ರಿ ಉಳಿಯುವುದು ಒಬ್ಬ ದರ್ಜಿಯ ಅಂಗಡಿ ಜಗಲಿ ಮೇಲೆ. ಬಹಳ ಒಳ್ಳೆಯ ಮನುಷ್ಯ. ಮೊದಲ ಸಲ ಹೊಸ ಸೈಕಲ್ಲಿನಲ್ಲಿ ಹೋದಾಗ ಬೆಳಿಗ್ಗೆ ಎದ್ದು ನೋಡುತ್ತೇನೆ, ಹ್ಯಾಂಡಲು ತಿರುವುಮುರುವಾಗಿದೆ. ಕೊಂಬು ಎರಡೂ ಆಕಾಶಕ್ಕೆ. ದರ್ಜಿ ಪಕ್ಕದಲ್ಲಿ ನಿಂತು ನನ್ನದೇ ಸ್ಪ್ಯಾನರನ್ನು ಪಂಚೆಯಿಂದ ಒರೆಸುತ್ತಿದ್ದಾನೆ.

"ಯಾವನೋ ಉಲ್ಟಾ ಕೂರಿಸಿದ್ದ ಕಣ್ರೀ. ನೀವು ಊರೂರು ತಿರುಗೋರು, ಹೇಳೋರು ಕೇಳೋರು ಇಲ್ಲ. ನೀವು ಏಳೋದ್ರೊಳಗೆ ನಾನೇ ಸರಿ ಮಾಡಿಟ್ಟೆ. ಈಗ ನೋಡ್ರಿ, ಗೌರವಸ್ಥರಂಗೆ ಕಾಣ್ತೈತೆ."

ನನಗೋಸ್ಕರ ಒಬ್ಬರು ನಿದ್ದೆ ಬಿಟ್ಟು ಎದ್ದು ಕೆಲಸ ಮಾಡಿದ್ದು ಅವ್ವನ ಕಾಲದ ನಂತರ ಅದೇ. ಆ ಹ್ಯಾಂಡಲಿನ ರೂಪವೇ ಹಾಗೆ ಅಂತ ಹೇಳಲು ಬಾಯಿ ಬರಲಿಲ್ಲ. ಎಮ್ಮೆ ಮೇಲೆ ಕೂತವನ ಹಾಗೆ ಕೊಂಬು ಹಿಡಿದುಕೊಂಡು, ಎದೆ ಸೆಟೆಸಿ, ಅವನ ಕಣ್ಣಿಗೆ ಕಾಣುವಷ್ಟು ದೂರ ಹೋದೆ. ಸವಳಂಗದ ರಸ್ತೆಗೆ ಬಿದ್ದ ಮೇಲೆ ಮರದ ಮರೆಯಲ್ಲಿ ನಿಂತು ತಿರುಗಿಸಿಕೊಂಡೆ.

ಮುಂದಿನ ಸಲ ಹೋದಾಗ ದರ್ಜಿ ಸೈಕಲ್ಲು ನೋಡಿ ತಲೆಗೆ ಕೈ ಹಚ್ಚಿದ. "ಮತ್ತೆ ಬಿತ್ತಾ? ಇರ್ಲಿ ಬಿಡ್ರಿ, ನಾನಿದ್ದೀನಿ." ಅದರ ಮುಂದಿನ ಸಲವೂ ಹಾಗೇ. ಹೀಗೆ ವರ್ಷಗಟ್ಟಲೆ ನ್ಯಾಮತಿಯೊಳಗೆ ನನ್ನ ಸೈಕಲ್ಲಿಗೆ ಕೊಂಬು ಮೇಲೆ, ಊರಾಚೆ ಕೊಂಬು ಕೆಳಗೆ. ಒಮ್ಮೆ ಅವನು ನನ್ನ ಭುಜದ ಮೇಲೆ ಕೈಯಿಟ್ಟು ಮೆಲ್ಲಗೆ ಕೇಳಿದ: "ಅಲ್ರೀ, ನಾಲ್ಕೂರಿನ ಮಿಷನ್ ರಿಪೇರಿ ಮಾಡ್ತೀರಿ. ಇದೊಂದು ನಟ್ಟು ಬಿಗಿ ಮಾಡಾಕೆ ನಿಮಗೆ ಬರಲ್ವಾ?"

೪. ಮುಳ್ಳು

ಜಗಳೂರಿನಲ್ಲಿ ಗಾಳಿಯೂ ಇದೆ, ಜಾಲಿಮುಳ್ಳೂ ಇದೆ. ಗಾಳಿಗೆ ಸಣ್ಣ ಗಾಲಿ ಬೇಕು, ಮುಳ್ಳಿಗೆ ದಪ್ಪ ಗಾಲಿ ಬೇಕು. ನಾನೂ ಚನ್ನಗಿರಿಯ ಮೇಸ್ತ್ರಿಯೂ ಒಂದು ಮಧ್ಯಾಹ್ನವೆಲ್ಲ ಚಹಾ ಕುಡಿಯುತ್ತಾ ಚರ್ಚೆ ಮಾಡಿ, ಮುಂದೆ ಸಣ್ಣದು, ಹಿಂದೆ ದಪ್ಪದು ಅಂತ ತೀರ್ಮಾನಿಸಿದೆವು. ಹಿಂದಿನ ಕಡೆ ಫ್ರೇಮನ್ನು ಸ್ವಲ್ಪ ಅಗಲಿಸಿ ಅವರು ದಪ್ಪ ಗಾಲಿ ಕೂರಿಸಿಯೂ ಕೊಟ್ಟರು. ಕ್ಯಾರಿಯರ್ ಮಾತು ಮತ್ತೆ ಎತ್ತಿದರು. ನಾನು ಮತ್ತೆ ಬೇಡ ಅಂದೆ.

ಜಗಳೂರಿನ ಚಹಾ ಅಂಗಡಿ ಮುಂದೆ ಒಬ್ಬ ಮುದುಕ ಸೈಕಲ್ಲನ್ನು ಎರಡು ಸುತ್ತು ಹಾಕಿದ.

"ಇದೇನು, ಗಂಡಂದೊಂದು ಹೆಂಡ್ತಿದೊಂದು ಗಾಲಿ?"

"ಮುಂದಿಂದು ಗಾಳಿಗೆ ಯಜಮಾನ್ರೇ, ಹಿಂದಿಂದು ಮುಳ್ಳಿಗೆ."

ಮುದುಕ ಬೀಡಿ ಎಳೆದು ಯೋಚಿಸಿದ. "ಮುಳ್ಳು ಮೊದ್ಲು ಸಿಗೋದು ಮುಂದಿನ ಗಾಲಿಗಲ್ವಾ? ಅದನ್ನ ಬಿಟ್ಟು ಹಿಂದಿನದಕ್ಕೆ ಚುಚ್ಚು ಅಂತ ಮುಳ್ಳಿಗೆ ಹೇಳಿದೀಯಾ?"

ನನಗೂ ಮೇಸ್ತ್ರಿಗೂ ಇದು ಹೊಳೆದಿರಲಿಲ್ಲ. ಊರು ದಾಟುವಷ್ಟರಲ್ಲಿ ಮುಂದಿನ ಗಾಲಿ ಪುಸ್ಸೆಂದಿತು. ಪಂಪು ಚೀಲದಲ್ಲಿತ್ತು, ಆದರೆ ತೇಪೆ ಹಾಕುವ ಸಲ್ಯೂಷನ್ ಒಣಗಿಹೋಗಿತ್ತು. ತಳ್ಳಿಕೊಂಡು ಹೊರಟೆ. ಹಿಂದಿನಿಂದ ಅದೇ ಮುದುಕ ನಡೆದು ಬಂದು ಜೊತೆಗೂಡಿದ. ಅವನ ಹಳ್ಳಿಯೂ ಆ ಕಡೆಯೇ. ದಾರಿಯುದ್ದಕ್ಕೂ ತನ್ನ ಎತ್ತು, ತನ್ನ ಅಳಿಯ, ಅಳಿಯನಿಗಿಂತ ಎತ್ತು ಹೇಗೆ ಮೇಲು ಅನ್ನುವುದನ್ನೆಲ್ಲ ಹೇಳಿದ. ಗಾಳಿ ಎದುರಿಗೇ ಇತ್ತು. ಅವನ ದಾರಿ ತಿರುಗಿ, ನಾನೊಬ್ಬನೇ ಉಳಿದ ಮೇಲೆಯೇ ಅದು ನನಗೆ ಗೊತ್ತಾದದ್ದು.

ತಿರುವಿನಲ್ಲಿ ಹೋಗುವ ಮುಂಚೆ ಅವನು ಸೈಕಲ್ಲಿನ ಹಿಂಭಾಗ ನೋಡಿ ಅಂದ: "ಕ್ಯಾರಿಯರ್ ಹಾಕ್ಸಬ್ಯಾಡಪ್ಪ. ಇದ್ದಿದ್ರೆ ನಾನು ಹತ್ತಿ ಕೂತ್ಕಂಡು, ನಿನ್ನ ಕೈಲಿ ತಳ್ಳಿಸ್ಕಂತಿದ್ದೆ."

೫. ಮುಂದೆ ಬಂದವನು

ಗಣಪತಿ ಹಬ್ಬದ ದಿನ ಹೊನ್ನಾಳಿಯಲ್ಲಿ ಸಿಕ್ಕಿಕೊಂಡೆ. ಹೋಟೆಲ್ ಬಂದ್. ಪೆಂಡಾಲಿನ ಹತ್ತಿರ ಕಪ್ಪು ಹಲಗೆ ಮೇಲೆ ಸುಣ್ಣದಲ್ಲಿ ಬರೆದಿದ್ದರು: ಸೈಕಲ್ ಸ್ಪರ್ಧೆ. ಗೆದ್ದವನನ್ನು ಬೀದಿಯವರು ನಾ ಮುಂದು ತಾ ಮುಂದು ಅಂತ ಮನೆಗೆ ಕರೆದು ಊಟಕ್ಕಿಕ್ಕುತ್ತಾರೆ ಅಂತ ಹಿಂದಿನ ದಿನವಷ್ಟೇ ಒಬ್ಬ ದರ್ಜಿ ಹೇಳಿದ್ದ. ಹೆಸರು ಕೊಟ್ಟೆ.

ರಸ್ತೆಗೆ ಅಡ್ಡಲಾಗಿ ಸುಣ್ಣದ ಗೆರೆ. ನನ್ನ ಅಕ್ಕಪಕ್ಕ ಎಲ್ಲಾ ಎತ್ತರದ ಕಪ್ಪು ಸೈಕಲ್ಲುಗಳು. ಒಬ್ಬನಂತೂ ಹಾಲಿನ ಕ್ಯಾನು ಕಟ್ಟಿದ ಸೈಕಲ್ಲನ್ನೇ ತಂದು ನಿಲ್ಲಿಸಿದ್ದ. ನನಗೆ ಒಳಗೊಳಗೇ ಪಾಪ ಅನ್ನಿಸಿತು. ಚಾಪೆ, ಎಲೆ, ಹೋಳಿಗೆ ಎಲ್ಲಾ ಕಣ್ಣ ಮುಂದೆ ಬಂತು.

ಸೀಟಿ ಊದಿದರು. ನಾನು ಬಗ್ಗಿದೆ. ಜನ ಹೋ ಎಂದು ಕಿರುಚಿದರು. ಜೀವಮಾನದಲ್ಲಿ ಅಷ್ಟು ಜನ ನನ್ನನ್ನು ನೋಡಿ ಕೂಗಿರಲಿಲ್ಲ. ಇನ್ನೂ ಜೋರಾಗಿ ತುಳಿದೆ. ಆಚೆ ಗೆರೆ ದಾಟಿ ತಿರುಗಿ ನೋಡಿದರೆ ಹಿಂದೆ ಯಾರೂ ಇಲ್ಲ. ಎಲ್ಲರೂ ಹೊರಟ ಗೆರೆಯ ಹತ್ತಿರವೇ, ಹ್ಯಾಂಡಲು ಅತ್ತ ಇತ್ತ ಅಲ್ಲಾಡಿಸುತ್ತಾ, ಒಬ್ಬರನ್ನೊಬ್ಬರು ಬೈದುಕೊಂಡು ನಗುತ್ತಾ ನಿಂತ ಹಾಗಿದ್ದಾರೆ. ಎಲ್ಲರ ಚೈನೂ ಒಟ್ಟಿಗೇ ಕಳಚಿತೇ ಅಂದುಕೊಂಡೆ.

ಗೆರೆ ಹತ್ತಿರ ಕೂತಿದ್ದವರನ್ನು ಕೇಳಿದೆ. "ನಾನೇ ಮೊದಲು ಬಂದೆನಲ್ಲ ರೀ?"

"ಹೌದ್ರೀ, ನೀವೇ ಮೊದ್ಲು ಔಟು. ಇದು ನಿಧಾನ ಸೈಕಲ್ಲು. ಕಾಲು ಊರಬಾರದು, ಕೊನೆಗೆ ಬಂದವನು ಗೆಲ್ಲೋದು."

"ಹಲಗೆ ಮೇಲೆ ಹಂಗಂತ ಬರೆದಿಲ್ಲ."

"ಬರೆಯೋದೇನೈತೆ? ಹಬ್ಬದಾಗೆ ಯಾವಾಗ್ಲೂ ಅದೇ ಮಾಡೋದು. ಮಕ್ಕಳು ಮರಿ ಓಡಾಡೋ ಬೀದಿಯಾಗೆ ಜೋರು ಹೊಡೆಯಾಕೆ ಯಾರಾದ್ರೂ ಬಿಡ್ತಾರಾ? ಶಾಲ್ಯಾಗೆ ಆಡಿಲ್ವಾ ನೀವು?"

ಆಡುವ ಕ್ಲಾಸಿನ ತನಕ ನಾನು ಶಾಲೆಯಲ್ಲಿ ಇರಲಿಲ್ಲ. ಆ ಕಡೆ ಜನವೆಲ್ಲ ಗುಂಪುಗೂಡಿದ್ದರು, ಈ ಕಡೆ ಗೆರೆಯ ಮೇಲೆ ನಾನೊಬ್ಬ. ಬಹಳ ಹೊತ್ತಾದ ಮೇಲೆ ಹಾಲಿನ ಕ್ಯಾನಿನವನು ಕೊನೆಯವನಾಗಿ ತೇಲಿಕೊಂಡು ಬಂದ. ಮೂರು ಮನೆಯವರು ಅವನನ್ನು ಊಟಕ್ಕೆ ಎಳೆದರು. ಅವನು ಕೈ ಬಿಡಿಸಿಕೊಂಡು, ಮನೆಯಲ್ಲಿ ಅವ್ವ ಕಾಯ್ತಾಳೆ ಅಂತ ಹೇಳಿ, ಸೈಕಲ್ಲು ತಳ್ಳಿಕೊಂಡು ಹೊರಟಿದ್ದ ನನ್ನನ್ನು ಕೂಗಿದ.

"ಓ ಬಗ್ಗಿದ ಸೈಕಲ್ಲಿನೋರೇ, ನಿಮ್ಮ ಊಟ ಎಲ್ಲಿ?"

ಬಾಗಿಲು ಹಾಕಿದ್ದ ಹೋಟೆಲಿನ ಕಡೆ ಕೈ ತೋರಿಸಿದೆ.

"ಬರ್ರಿ ನಮ್ಮನೆಗೆ. ಆದ್ರೆ ನನ್ನ ಹಿಂದೆ ಬರ್ರಿ. ಮುಂದೆ ಹೋಗಿಬಿಟ್ರೆ ನಮ್ಮನೆ ಎಲ್ಲೈತೆ ಅಂತ ನಿಮಗೆ ಗೊತ್ತಿಲ್ಲ."

ಚಾಪೆ ಮೇಲೆ ಕೂತು ಉಂಡೆ. ಅವನ ಅವ್ವ ಎರಡು ಸಲ ಹೋಳಿಗೆ ಹಾಕಿ, ಮೂರನೇ ಸಲ ಕೇಳದೆಯೇ ಹಾಕಿದಳು. ಹೊರಡುವಾಗ ಒಂದು ಡಬ್ಬಿ ತುಂಬ ಹೋಳಿಗೆ ಸಾರು ಕೊಟ್ಟು, "ಕ್ಯಾರಿಯರಿಗೆ ಕಟ್ಕಳಪ್ಪ" ಅಂದಳು. ಕ್ಯಾರಿಯರ್ ಎಲ್ಲಿದೆ? ಹ್ಯಾಂಡಲಿಗೆ ತೂಗುಹಾಕಿದರೆ ಕೊಂಬಿನ ಮೇಲೆ ಜಾರಿ ಮೊಣಕಾಲಿಗೆ ಬಡಿಯುತ್ತಿತ್ತು. ಕೊನೆಗೆ ಎಡಗೈಯಲ್ಲಿ ಡಬ್ಬಿ, ಬಲಗೈಯಲ್ಲಿ ಕೊಂಬು, ಸಾರು ತುಳುಕದ ಹಾಗೆ ಬೆನ್ನು ನೆಟ್ಟಗೆ ಮಾಡಿಕೊಂಡು ಹೊರಟೆ. ಒಂದು ಕುರಿ ಹಿಂಡು ನನ್ನನ್ನು ಹಿಂದೆ ಹಾಕಿ ಹೋಯಿತು. ಆ ನಿಧಾನ ಬೆಳಿಗ್ಗೆ ಬಂದಿದ್ದರೆ ಬಹುಮಾನ ನನ್ನದೇ.

ಚನ್ನಗಿರಿಗೆ ಹೋದವನೇ ಮೇಸ್ತ್ರಿಗೆ ಕ್ಯಾರಿಯರ್ ಹಾಕಿ ಅಂದೆ. ಅವರು ಕೆಲಸ ನಿಲ್ಲಿಸಿ ನೋಡಿದರು.

"ಕೂರೋರು ಸಿಕ್ರಾ?"

"ಇಲ್ಲ. ಡಬ್ಬಿ. ಹೊನ್ನಾಳಿಗೆ ವಾಪಸ್ ಕೊಡಬೇಕು. ಖಾಲಿ ಕೊಡಬಾರದಲ್ಲ, ಏನಾದ್ರೂ ತುಂಬಿಸ್ಕಂಡು ಹೋಗ್ಬೇಕು."

ಮೇಸ್ತ್ರಿ ಸ್ಪರ್ಧೆಯ ಕಥೆಯನ್ನೆಲ್ಲ ಕೇಳುತ್ತಾ ಕ್ಯಾರಿಯರ್ ಕೂರಿಸಿ, ನಟ್ಟು ಬಿಗಿ ಮಾಡಿ, ಒಮ್ಮೆ ಅಲ್ಲಾಡಿಸಿ ನೋಡಿದರು.

"ಹೋಗ್ರಿ, ಆದ್ರೆ ಇದನ್ನಾದ್ರೂ ನಿಧಾನಕ್ಕೆ ಮಾಡ್ರಿ," ಅಂದರು. "ಡಬ್ಬಿ ಬೇಗ ಕೊಟ್ಟುಬಿಟ್ರೆ, ಮತ್ತೆ ಆ ಮನೆಗೆ ಹೋಗಾಕೆ ನೆಪ ಇರಲ್ಲ."