ಮಾರ್ಜಿನ್ ಬಿಟ್ಟ ಕಾರು

ನಮ್ಮ ಮಾವ ಒಂದು ಕಾರು ಹೊಲಿದಿದ್ದಾರೆ. ಇಲ್ಲ, ಕೈತಪ್ಪಿ ಬರೆದದ್ದಲ್ಲ. ಕಟ್ಟಿದ್ದಾರೆ, ತಯಾರಿಸಿದ್ದಾರೆ ಎಂದೆಲ್ಲ ಬರೆದರೆ ಅವರಿಗೇ ಸಮಾಧಾನವಾಗುವುದಿಲ್ಲ. “ಕಟ್ಟಾಕ ಅದೇನು ಮನಿ ಏನ್ರಿ? ಅಳತಿ ತಗೊಂಡೀನಿ, ಕತ್ತರಿಸೀನಿ, ಜೋಡಿಸೀನಿ. ಅದಕ್ಕ ಹೊಲಿಯೋದು ಅಂತಾರ” ಎಂದು ನೋಡಲು ಬಂದವರಿಗೆಲ್ಲ ತಿಳಿಸಿ ಹೇಳುತ್ತಾರೆ. ಬಂದವರು ತಲೆಯಾಡಿಸುತ್ತಾರೆ. ಬಳ್ಳಾರಿಯ ಬಿಸಿಲಿನಲ್ಲಿ ನಿಂತು ಯಾರು ವಾದ ಮಾಡುತ್ತಾರೆ ಹೇಳಿ?

ಮಾವ ಎಂದರೆ ನನ್ನ ಹೆಂಡತಿಯ ತಂದೆ. ಬಳ್ಳಾರಿಯ ಒಂದು ಜೀನ್ಸ್ ಕಾರ್ಖಾನೆಯಲ್ಲಿ ಆಯುಷ್ಯವೆಲ್ಲ ಕಟಿಂಗ್ ಮಾಸ್ಟರ್ ಆಗಿದ್ದವರು. ಪದರದ ಮೇಲೆ ಪದರ ಬಟ್ಟೆ ಹಾಸಿ ಮಷೀನು ಓಡಿಸಿದರೆಂದರೆ ಮೇಲಿನ ಪ್ಯಾಂಟಿಗೂ ಕೆಳಗಿನ ಪ್ಯಾಂಟಿಗೂ ಒಂದು ಎಳೆ ವ್ಯತ್ಯಾಸವಿರುತ್ತಿರಲಿಲ್ಲವಂತೆ. ಇಂಥವರು ಕೆಲಸ ಬಿಟ್ಟ ಮೇಲೆ ಏನು ಮಾಡಬೇಕು? ಬೆಳಿಗ್ಗೆ ವಾಕಿಂಗು, ಮಧ್ಯಾಹ್ನ ನಿದ್ದೆ, ಸಂಜೆ ಅಳಿಯನ ತಪ್ಪು ಹುಡುಕುವುದು. ಲೋಕವೆಲ್ಲ ಹೀಗೇ ನಡೆದಿರುವಾಗ ಇವರು ಮಾತ್ರ ಅಂಗಳದಲ್ಲಿ ರೇಸ್ ಕಾರು ಶುರು ಮಾಡಿದರು!

ಇದಕ್ಕೆಲ್ಲ ಕಾರಣ ಒಂದು ಪೋಸ್ಟರು. ಜೀನ್ಸ್ ತೊಟ್ಟ ಒಬ್ಬ ಫಾರಿನ್ ಹುಡುಗ, ಮೂರು ದಿನದಿಂದ ಊಟ ಕಾಣದವನ ಮುಖ ಮಾಡಿಕೊಂಡು, ಕೆಂಪು ಕಾರೊಂದಕ್ಕೆ ಒರಗಿ ನಿಂತಿದ್ದಾನೆ. ಹಳೆಯ ಕಾಲದ ಕಾರು. ಮೇಲೆ ಚಾವಣಿ ಇಲ್ಲ, ಎರಡೇ ಸೀಟು, ಉದ್ದ ಮೂತಿ, ನೆಲಕ್ಕೆ ಹೊಟ್ಟೆ ಹಚ್ಚಿ ಮಲಗಿದ ಹಾಗಿದೆ. ಕಾರ್ಖಾನೆಯ ಗೋಡೆಯ ಮೇಲೆ ವರ್ಷಗಟ್ಟಲೆ ಇದ್ದ ಆ ಪೋಸ್ಟರಿನಲ್ಲಿ ಎಲ್ಲರೂ ಪ್ಯಾಂಟು ನೋಡಿದರು, ಮಾವ ಕಾರು ನೋಡಿದರು. ಬೀಳ್ಕೊಡುವ ದಿನ ಶಾಲು, ಹಾರ ಎಲ್ಲ ಆದ ಮೇಲೆ “ಮತ್ತೇನಾದರೂ ಬೇಕೇನು?” ಎಂದು ಮಾಲೀಕರು ಉಪಚಾರಕ್ಕೆ ಕೇಳಿದ್ದಕ್ಕೆ, ಕುರ್ಚಿ ಹಾಕಿಕೊಂಡು ಹತ್ತಿ ಪೋಸ್ಟರು ಬಿಚ್ಚಿಕೊಂಡು ಬಂದರು.

ತೊಂದರೆ ಏನೆಂದರೆ, ಪೋಸ್ಟರಿನಲ್ಲಿ ಕಾರಿಗೆ ಇರುವುದು ಒಂದೇ ಮಗ್ಗುಲು. ಆ ಮಗ್ಗುಲಿನ ಬಾಗಿಲಿಗೂ ಹುಡುಗನ ಎಡಗಾಲು ಅಡ್ಡ. ಆ ಕಾಲಿನ ಹಿಂದೆ ಏನಿದೆ ಎಂಬುದು ನಮ್ಮ ಮನೆಯಲ್ಲಿ ಎಷ್ಟು ಭಾನುವಾರ ಚರ್ಚೆಯಾಗಿದೆಯೋ ದೇವರಿಗೇ ಗೊತ್ತು. ನಾನು ಸಿರುಗುಪ್ಪದಲ್ಲಿ ಹೈಸ್ಕೂಲು ಮೇಷ್ಟ್ರು, ಸುಮ್ಮನಿರುತ್ತೇನೆಯೇ? ಮೊಬೈಲು ತೆಗೆದು ಅಂಥದೇ ಕಾರಿನ ಹಿಂದು, ಮುಂದು, ಒಳಗು, ಹೊರಗು ಎಲ್ಲ ತೋರಿಸಿದೆ. ಮಾವ ಕನ್ನಡಕ ಏರಿಸಿ ನೋಡಿ ಮೊಬೈಲು ವಾಪಸು ಕೊಟ್ಟರು.

“ಚಲೋ ಅದಾವ. ಆದ್ರ ಅವು ನನ್ನ ಕಾರಲ್ರಿ ಅಳಿಯಾರೆ. ನನ್ನ ಕಾರು ಗ್ವಾಡಿ ಮ್ಯಾಲಿಂದು.”

ಅವರದು ಒಂದೇ ಹಟ: ಚಿತ್ರದಲ್ಲಿ ಇದ್ದದ್ದು ಇದ್ದ ಹಾಗೆ ಬರಬೇಕು, ಎಳೆಯಷ್ಟೂ ಆಚೀಚೆ ಆಗಕೂಡದು. ಇನ್ನೊಂದು ಹಟ ಅತ್ತೆಗೆ ಸಂಬಂಧಿಸಿದ್ದು. ಕಾರು ತಯಾರಾದ ಮೇಲೆ ಮೊದಲ ಸವಾರಿ ಕುರುಗೋಡಿಗೆ, ಅಂದರೆ ಅತ್ತೆಯ ತವರಿಗೆ, ಪಕ್ಕದ ಸೀಟಿನಲ್ಲಿ ಅತ್ತೆಯೇ ಕೂತು. ಮದುವೆಯಾಗಿ ಬರುವಾಗ ಆಕೆ ಬಂದದ್ದು ಲಾರಿಯ ಕ್ಯಾಬಿನ್ನಿನಲ್ಲಿ. ಒಂದು ಕಡೆ ಡ್ರೈವರು, ಇನ್ನೊಂದು ಕಡೆ ಗಂಡ, ತೊಡೆಯ ಮೇಲೆ ಗಂಡನ ಹೊಲಿಗೆ ಮಷೀನಿನ ತಲೆ. “ಅವತ್ತ ಕುರುಗೋಡಿನ ಮಂದಿ ಎಲ್ಲಾ ನೋಡ್ಯಾರ. ಈಗ ಇದನ್ನೂ ನೋಡ್ಲಿ” ಎಂದು ಮಾವ ಇಡೀ ಓಣಿಗೆ ಹೇಳಿಬಿಟ್ಟಿದ್ದರು.

ಅತ್ತೆ ಮಾತ್ರ ಒಪ್ಪಿರಲಿಲ್ಲ. “ನೆಲಕ್ಕ ಅಂಟಿದ ಗಾಡ್ಯಾಗ ನಾ ಕುಂದ್ರಂಗಿಲ್ಲ. ಮೊಣಕಾಲು ನೋವು ನನಗ, ನಿಮಗಲ್ಲ” ಎನ್ನುತ್ತಿದ್ದರು. ಆದರೆ ನನ್ನ ಹೆಂಡತಿ ಒಂದು ದಿನ ಗುಟ್ಟಾಗಿ ಹೇಳಿದಳು: ಅಮ್ಮ ಟ್ರಂಕಿನಿಂದ ಇಲಕಲ್ ಸೀರೆ ತೆಗೆದು ಗಾಳಿಗೆ ಹರವಿದ್ದಾಳೆ, ಯಾಕೆ ಎಂದರೆ ಸುಮ್ಮನೆ ಅನ್ನುತ್ತಾಳೆ.

ಗುಜರಿಗೆ ಹೋಗಬೇಕಿದ್ದ ಸಣ್ಣ ಕಾರೊಂದನ್ನು ತಂದು, ಮೈಯೆಲ್ಲ ಕಳಚಿ, ಎಂಜಿನ್ನು ಮತ್ತು ಅಸ್ಥಿಪಂಜರ ಉಳಿಸಿಕೊಂಡದ್ದಾಯಿತು. ಪಾಸಿಂಗು, ಪರವಾನಗಿ ಇವುಗಳ ಕಥೆ ಬೇರೆ. ಅದನ್ನು ಹೇಳಿದರೆ ನಿಮಗೆ ನಗು ಬರುವುದಿಲ್ಲ, ಬಿಡಿ. ಈಗ ಮೈ ಬೇಕು. ತಗಡು ಬಡಿಯುವುದು ಮಾವನ ಕೈಗೆ ಒಗ್ಗದ ಕೆಲಸ. ಆಗ ಸಿಕ್ಕವರು ಕುರುಗೋಡಿನ ಫೈಬರ್ ಮೇಸ್ತ್ರಿ. ಕಲ್ಯಾಣ ಮಂಟಪಗಳಿಗೆ ಫೈಬರಿನ ನಂದಿ, ಆನೆ, ಕಮಾನು ಮಾಡಿಕೊಡುವವರು. ಅವರು ತೋರಿಸಿದ ಬಿಳಿಯ ಗಾಜಿನೆಳೆಯ ಹಾಸನ್ನು ಮಾವ ಎರಡು ಬೆರಳಲ್ಲಿ ಹಿಡಿದು ತಿಕ್ಕಿದರು, ಬೆಳಕಿಗೆ ಹಿಡಿದರು, ಅಂಚು ಎಳೆದು ನೋಡಿದರು.

“ಇದು ಬಟ್ಟಿನೇ ಐತಲ್ರಿ” ಎಂದರು.

ಮುಗಿಯಿತು! ಇನ್ನು ಅವರನ್ನು ತಡೆಯುವವರು ಯಾರು?

ಬಾನೆಟ್ಟಿನ ಅಚ್ಚು ನಾನು ಮಾಡಿಕೊಡುತ್ತೇನೆ ಎಂದು ಮೇಸ್ತ್ರಿ ಪ್ರೀತಿಯಿಂದಲೇ ಮುಂದೆ ಬಂದರು. ಆದರೆ ಅವರ ಕೈಯಲ್ಲಿ ಏನು ಹೋದರೂ ಸ್ವಲ್ಪ ನಂದಿಯಾಗಿಯೇ ಹೊರಗೆ ಬರುತ್ತದೆ. ಮೂತಿ ಸರಿಯಾಗಿತ್ತು, ಹಿಂದೆ ಎತ್ತಿನ ಬೆನ್ನಿನ ಮೇಲಿರುವಂಥ ಒಂದು ಹಿಣಿಲು ಎದ್ದಿತ್ತು. ಮಾವ ಅದನ್ನು ಸವರಿ, “ಮೇಸ್ತ್ರಿ, ಇದಕ್ಕ ಪೆಟ್ರೋಲ್ ಹಾಕಬೇಕೋ ಹಿಂಡಿ ಹಾಕಬೇಕೋ?” ಎಂದು ಕೇಳಿದರು. ಮೇಸ್ತ್ರಿ ನಕ್ಕು, ಕೆಲಸ ಕಲಿಸಿಕೊಟ್ಟು, ನೀವೇ ಮಾಡಿಕೊಳ್ಳಿ ಎಂದರು.

ಕಲಿಸಿದ್ದು ಇಷ್ಟು: ಪ್ಲಾಸ್ಟರಿನಲ್ಲಿ ಅಚ್ಚು ಮಾಡು, ಅಂಟದಿರಲೆಂದು ಮೇಣ ಹಚ್ಚು, ಮೇಲೆ ಗಾಜಿನ ಬಟ್ಟೆ ಹಾಸು, ರೆಸಿನ್ ಎಂಬ ಅಂಟು ಬಳಿ, ಒಣಗಿದ ಮೇಲೆ ಎತ್ತು. ಮೇಣ ತೀರಿದ ದಿನ ಮಾವ ಅಡುಗೆಮನೆಯಿಂದ ಶೇಂಗಾ ಎಣ್ಣೆ ತಂದರು. ನಾನು ಅನುಮಾನಪಟ್ಟೆ. “ತವಾಕ್ಕ ಎಣ್ಣಿ ಹಚ್ಚಿದ್ರ ದ್ವಾಸಿ ಏಳತೈತೋ ಇಲ್ಲೋ?” ಎಂದರು. ಈ ತರ್ಕಕ್ಕೆ ಉತ್ತರ ನನ್ನ ಬಿ.ಎಡ್.ನಲ್ಲಿ ಇರಲಿಲ್ಲ. ದೋಸೆ ಏಳಲಿಲ್ಲ! ಉಳಿ, ಸುತ್ತಿಗೆ, ಕೊನೆಗೆ ಹಾರೆಯವರೆಗೆ ಹೋಯಿತು. ಅಚ್ಚು ಪುಡಿಯಾಯಿತು, ಬಾನೆಟ್ಟು ಎರಡು ಹೋಳಾಯಿತು. ಅತ್ತೆ ಬಾಗಿಲಲ್ಲಿ ನಿಂತು, “ಎಣ್ಣಿ ಕಡಿಮಿ ಆಗಿರಬೇಕು” ಎಂದು ಹೇಳಿ ಒಳಗೆ ಹೋದರು.

ಬೇಸಿಗೆಯಲ್ಲಿ ಇನ್ನೊಂದು ಫಜೀತಿ. ರೆಸಿನ್ನಿಗೆ ಗಟ್ಟಿಯಾಗಿಸುವ ದ್ರವ ನಾಲ್ಕು ಹನಿ ಬಿಟ್ಟು ಕಲಸಬೇಕು, ಬಳಿಯಲು ಸ್ವಲ್ಪ ಹೊತ್ತು ಸಿಗುತ್ತದೆ. ಅದು ಬೇರೆ ಊರಿನ ಲೆಕ್ಕ. ಬಳ್ಳಾರಿಯ ಮೇ ತಿಂಗಳಲ್ಲಿ ಕಲಸುತ್ತಿರುವಾಗಲೇ ಮಗ್ಗು, ರೆಸಿನ್, ಬ್ರಷ್ ಮತ್ತು ನನ್ನ ಒಂದು ಗ್ಲೌಸು ಏಕವಾಗಿ ಕಲ್ಲಾದವು. ಆ ಮಗ್ಗನ್ನು ಬಚ್ಚಲ ಬಾಗಿಲು ಬಡಿಯದ ಹಾಗೆ ಅಡ್ಡ ಇಡುತ್ತಾರೆ, ಬಹಳ ಬಾಳಿಕೆ.

ಗ್ಲೌಸು ಎಂದೆನಲ್ಲ, ಅದನ್ನೂ ಹೇಳಿಬಿಡುತ್ತೇನೆ. ಅಳಿಯನಾದವನು ಮಾವನ ಮನೆಗೆ ಹೋದರೆ ಹೋಳಿಗೆ, ತುಪ್ಪ, ಹೊಸ ಬಟ್ಟೆ ಎಂದು ಲೋಕರೂಢಿ. ನನಗೆ ದೀಪಾವಳಿಗೆ ಸಿಕ್ಕಿದ್ದು ಗ್ಲೌಸು, ಮಾಸ್ಕು ಮತ್ತು ಉಜ್ಜುವ ಕಾಗದ. ಒಣಗಿದ ಫೈಬರನ್ನು ಉಜ್ಜಿದರೆ ಕಣ್ಣಿಗೆ ಕಾಣದ ಗಾಜಿನ ಧೂಳು ಮೈಗೆ ಮೆತ್ತುತ್ತದೆ. ಆಮೇಲಿನ ತುರಿಕೆ ಇದೆಯಲ್ಲ, ಶತ್ರುವಿಗೂ ಬೇಡ. ಭಾನುವಾರ ಸಂಜೆ ಸಿರುಗುಪ್ಪದ ಬಸ್ಸಿನಲ್ಲಿ ನಾನು ತುರಿಸಿಕೊಳ್ಳುತ್ತ ಕೂತರೆ ಪಕ್ಕದ ಸೀಟು ಖಾಲಿ, ಹಿಂದಿನ ಸೀಟೂ ಖಾಲಿ. ಒಮ್ಮೆ ದೇಶನೂರಿನ ಹಿರಿಯರೊಬ್ಬರು ಎದ್ದು ನಿಂತು, ದೂರದಿಂದಲೇ, ಬೇವಿನ ಸೊಪ್ಪಿನ ನೀರು ಮೈಗೆ ಹಾಕಿಕೊಳ್ಳಿ ಎಂದು ಸಲಹೆ ಕೊಟ್ಟರು.

ಆದರೆ ಇವೆಲ್ಲ ಯಾರಿಗಾದರೂ ಆಗುವ ತಪ್ಪುಗಳು. ಕಟಿಂಗ್ ಮಾಸ್ಟರ್ ಒಬ್ಬರಿಂದಲೇ ಆಗಬಹುದಾದ ತಪ್ಪು ಬೇರೆ ಇತ್ತು. ಬಾನೆಟ್ಟು, ಬಾಗಿಲು, ಮಗ್ಗುಲು ಎಲ್ಲವನ್ನೂ ಮಾವ ಅಳತೆಗಿಂತ ಒಂದಿಂಚು ದೊಡ್ಡದಾಗಿ ತೆಗೆದಿದ್ದರು.

“ಇದೇನ್ರಿ ಮಾವ?”

“ಮಾರ್ಜಿನ್. ಮಾರ್ಜಿನ್ ಬಿಡಲಾರದ ಕತ್ತರಿ ಹಾಕಿದ್ರ ಅವ ಮಾಸ್ಟರ್ ಅಲ್ಲ. ನಾಳೆ ದಪ್ಪ ಆದ್ರ ಬಿಚ್ಚಿ ದೊಡ್ಡದು ಮಾಡಾಕ ಬರಬೇಕು.”

“ಕಾರು ದಪ್ಪ ಆಗತೈತೇನ್ರಿ?”

“ಯಾರಿಗ್ಗೊತ್ತು” ಎಂದರು ಗಂಭೀರವಾಗಿ.

ಪರಿಣಾಮವಾಗಿ ಬಾನೆಟ್ಟಿನ ಅಂಚು ಬಾಗಿಲ ಮೇಲೆ ಹತ್ತಿ ಕೂತಿತು. ಬಾಗಿಲು ತೆರೆಯಬೇಕಾದರೆ ಮೊದಲು ಬಾನೆಟ್ಟು ಎತ್ತಬೇಕು. ಒಳಗೆ ಕೂತು ಬಾಗಿಲು ಹಾಕಿಕೊಂಡ ಮೇಲೆ ಹೊರಗಿನಿಂದ ಯಾರಾದರೂ ಬಾನೆಟ್ಟು ಮುಚ್ಚಬೇಕು. ಇಳಿಯಬೇಕಾದರೆ ಮತ್ತೆ ಯಾರಾದರೂ ಬರಬೇಕು! ಅಳಿಯನನ್ನು ಕೂರಿಸಿ ಪರೀಕ್ಷೆ ಮಾಡಿದರು, ಅಷ್ಟರಲ್ಲಿ ಚಹಾಕ್ಕೆ ಕರೆ ಬಂತು, ಒಳಗೆ ಹೋದರು. ಚಾವಣಿ ಇಲ್ಲ, ಹಾರಿ ಇಳಿಯಬಹುದಿತ್ತು; ಆದರೆ ಅಂಚಿಗೆ ಕಾಲು ತಾಗಿಸಬೇಡಿ ಎಂದು ಮಾವನ ಅಪ್ಪಣೆ. ನಾನು ಕಾರಿನಲ್ಲೇ ಕೂತು ಚಹಾ ತರಿಸಿಕೊಂಡೆ. ಆ ಅಂಚನ್ನು ಕತ್ತರಿಸಿ ಬಿಸಾಡಿ ಎಂದು ಕುರುಗೋಡಿನ ಮೇಸ್ತ್ರಿ ಫೋನಿನಲ್ಲಿ ಹೇಳಿದಾಗ ಮಾವನ ಮುಖ ನೋಡಲಾಗಲಿಲ್ಲ. ಮಾರ್ಜಿನ್ ಬಿಸಾಡುವುದು ಅವರ ವೃತ್ತಿಯಲ್ಲಿ ಪಾಪ.

ಆದರೂ ಕತ್ತರಿಸಿದರು. ಇಲ್ಲಿಂದ ಮುಂದೆ ನಾನು ತಮಾಷೆ ಮಾಡಲಾರೆ, ಏಕೆಂದರೆ ನಾನು ಕಣ್ಣಾರೆ ಕಂಡಿದ್ದೇನೆ. ಆ ಮನುಷ್ಯ ಅತ್ತೆ ಕೂರಬೇಕಾದ ಕಡೆಯ, ಅಂದರೆ ಎಡಗಡೆಯ ಬಾಗಿಲನ್ನು ಕೂರಿಸಿದರು, ಬಿಚ್ಚಿದರು, ಉಜ್ಜಿದರು, ಮತ್ತೆ ಕೂರಿಸಿದರು. ತಿಂಗಳುಗಟ್ಟಲೆ ಅದೇ ಕೆಲಸ. ಬಾಗಿಲಿಗೂ ಮಗ್ಗುಲಿಗೂ ನಡುವಿನ ಸಂದಿಯಲ್ಲಿ ಎರಡು ಮಡಿಕೆ ಜೀನ್ಸ್ ಬಟ್ಟೆ ತೂರಿಸಿ ಮೇಲಿನಿಂದ ಕೆಳಗೆ ಎಳೆಯುತ್ತಿದ್ದರು. ಎಲ್ಲೂ ಸಿಕ್ಕಬಾರದು, ಎಲ್ಲೂ ಸಡಿಲವಾಗಬಾರದು. ಕೊನೆಗೊಂದು ದಿನ ಬಟ್ಟೆ ಬೆಣ್ಣೆಯಲ್ಲಿ ಹೋದ ಹಾಗೆ ಜಾರಿತು. ಮಾವ ಆ ತುಂಡನ್ನು ಕಣ್ಣಿಗೊತ್ತಿಕೊಂಡರು. ಕೆಂಪು ಬಣ್ಣ ಹಾಕಿ ಪೋಸ್ಟರಿನ ಪಕ್ಕ ನಿಂತು ನೋಡಿದರೆ, ಹುಡುಗನೊಬ್ಬನ ಹೊರತು ಎಲ್ಲವೂ ಇತ್ತು. ನನಗೆ ಎದೆ ಉಬ್ಬಿತು. ಇಂಥ ಮಾವ ಯಾರಿಗಿದ್ದಾರೆ ಎಂದು ಸ್ಟಾಫ್ ರೂಮಿನಲ್ಲೆಲ್ಲ ಹೇಳಿಕೊಂಡು ಬಂದೆ.

ಟ್ರಯಲ್ ಇಟ್ಟುಕೊಂಡದ್ದು ಒಂದು ಭಾನುವಾರ. ಓಣಿಯೆಲ್ಲ ಸೇರಿತ್ತು. ಅತ್ತೆ ಇಲಕಲ್ ಸೀರೆ ಉಟ್ಟು, ಏನೂ ಗೊತ್ತಿಲ್ಲದವರ ಹಾಗೆ ಹೊರಗೆ ಬಂದರು. ಮಾವ ಬಾಗಿಲು ತೆರೆದು ಹಿಡಿದರು. ಅತ್ತೆ ಕಾರಿಗೆ ಬೆನ್ನು ಮಾಡಿ ಬಾಗಿದರು. ಸೀಟು ಎಲ್ಲೋ ಪಾತಾಳದಲ್ಲಿತ್ತು. ಅರ್ಧಕ್ಕೆ ಮೊಣಕಾಲು ನಿಂತುಬಿಟ್ಟಿತು. ತಿರುಗಿ, ಎತ್ತರದ ಹೊಸ್ತಿಲಿನಂಥ ಅಂಚು ದಾಟಿಸಿ ಒಂದು ಕಾಲು ಒಳಗಿಟ್ಟರು. ಇನ್ನೊಂದು ಕಾಲು ಬರಲಿಲ್ಲ, ಒಳಗಿಟ್ಟದ್ದೂ ಹೊರಗೆ ಬರಲಿಲ್ಲ. ನಾನೂ ನನ್ನ ಹೆಂಡತಿಯೂ ಎರಡು ರಟ್ಟೆ ಹಿಡಿದು ಎತ್ತಿ ಹೊರಗೆ ತಂದೆವು. ಅತ್ತೆ ನಗುತ್ತಲೇ ಇದ್ದರು.

“ಬಿಡ್ರಿ, ಅಳಿಯಾರನ್ನ ಕೂಡಿಸ್ಕೊಂಡು ಹೋಗಿ ಬರ್ರಿ. ಕುರುಗೋಡಿಗೆ ನಾ ಬಸ್ಸಿಗೆ ಬರ್ತೀನಿ” ಎಂದು ಒಳಗೆ ಹೋದರು. ಸೀರೆ ಬದಲಿಸಿ ಬಂದು ಸಾರಿಗೆ ಒಗ್ಗರಣೆ ಹಾಕಿದರು. ಕಾರು ಅವತ್ತು ಅಂಗಳ ಬಿಡಲಿಲ್ಲ.

ಮರುದಿನ ಯಾವುದೋ ರಜೆ ಇದ್ದದ್ದರಿಂದ ನಾನು ಅಲ್ಲೇ ಉಳಿದಿದ್ದೆ. ಬೆಳಿಗ್ಗೆ ಕಟರ್ ಮಷೀನಿನ ಸದ್ದಿಗೆ ಹೊರಗೆ ಓಡಿದೆ. ಮಾವ ಆ ಎಡಗಡೆಯ ಬಾಗಿಲಿನ ಮೇಲೆ, ಅದರ ಕೆಳಗಿನ ಅಂಚಿನ ಮೇಲೆ, ಸೀಮೆಸುಣ್ಣದಿಂದ ಗೆರೆ ಎಳೆದಿದ್ದರು. ಮಷೀನು ಕೆಂಪು ಬಣ್ಣದೊಳಗೆ ಇಳಿದಾಗಿತ್ತು.

“ಮಾವ, ಏನ್ ಮಾಡಾಕತ್ತೀರಿ? ಇಷ್ಟು ಚಂದ ಕುಂತೈತಿ. ಚಿತ್ರದಾಗ ಹಿಂಗಿಲ್ಲ.”

ಅವರು ಮಷೀನು ನಿಲ್ಲಿಸಿ ಕನ್ನಡಕದ ಧೂಳು ಒರೆಸಿಕೊಂಡರು.

“ಚಿತ್ರದಾಗ ಆಕಿನೂ ಇಲ್ಲಲ್ರಿ” ಎಂದರು.

ನಾನು ಉಜ್ಜುವ ಕಾಗದ ತೆಗೆದುಕೊಂಡು ಪಕ್ಕದಲ್ಲಿ ಕೂತೆ, ಅಷ್ಟೇ. ಸ್ವಲ್ಪ ಹೊತ್ತಿಗೆ ಮಾವ ಒಳಗೆ ಕೂಗಿ ಹೇಳಿದರು, “ಏ, ಬಾ ಇಲ್ಲೆ. ಅಳತಿ ತಗೋಬೇಕು.” ಅತ್ತೆ ಸೌಟು ಹಿಡಿದೇ ಬಂದರು. ಬಾಗಿಲಿನ ಗತಿ ನೋಡಿ, “ಅಯ್ಯ, ಹಾಳು ಮಾಡಿದ್ರಲ್ಲ” ಎಂದು ಬೈದರು. ಮಾವ ಟೇಪು ಹಿಡಿದು ಕಾಯುತ್ತ ನಿಂತಿದ್ದರು. ಅತ್ತೆ ಬೈಯುತ್ತಲೇ ಕುರ್ಚಿಯ ಮೇಲೆ ಕೂತು, ಹೇಳಿದ ಹಾಗೆ ಕಾಲು ಚಾಚಿದರು, ಮಡಿಸಿದರು, ಎದ್ದು ನಿಂತರು.

ಈಗ ಬಾಗಿಲು ಕೆಳಗಿನವರೆಗೂ ತೆರೆದುಕೊಳ್ಳುತ್ತದೆ. ಎಡಗಡೆಯ ಸೀಟು ಕುರ್ಚಿಯಷ್ಟು ಎತ್ತರ. ಸಂದಿ ಮೊದಲಿನ ಹಾಗಿಲ್ಲ, ಎರಡು ಮಡಿಕೆಯ ಜಾಗದಲ್ಲಿ ನಾಲ್ಕು ಮಡಿಕೆ ಹೋಗುತ್ತದೆ. ಅತ್ತೆಯ ತಲೆ ಮುಂದಿನ ಗಾಜಿಗಿಂತ ಮೇಲೆ ಬರುತ್ತದೆ.

ಹೋದ ತಿಂಗಳು ಇಬ್ಬರೂ ಕುರುಗೋಡಿಗೆ ಹೊರಟರು. ಕಾರು ದಾರಿಯಲ್ಲಿ ಕೈಕೊಟ್ಟರೆ ಇರಲಿ ಎಂದು ನಾನು ಬೈಕಿನಲ್ಲಿ ಹಿಂದೆ ಹೊರಟೆ. ಊರು ದಾಟಿದ ಮೇಲೆ ರಸ್ತೆ ಖಾಲಿ, ಎಂಜಿನ್ನಿನ ಸದ್ದು ಚೆನ್ನಾಗಿತ್ತು. ಈಗ ಹಾರುತ್ತದೆ, ಈಗ ಹಾರುತ್ತದೆ ಎಂದು ನಾನು ಹೆಲ್ಮೆಟ್ಟು ಬಿಗಿ ಮಾಡಿಕೊಂಡೆ. ಹಾರಲಿಲ್ಲ! ಭತ್ತ ಹೇರಿದ ಟ್ರ್ಯಾಕ್ಟರು ಮುಂದೆ ಹೋಯಿತು. ಶೇರ್ ಆಟೋ ಹೋಯಿತು. ಹಾಲಿನ ಕ್ಯಾನು ಕಟ್ಟಿದ ಮೊಪೆಡ್ಡಿನವನು ಎರಡೆರಡು ಸಲ ತಿರುಗಿ ನೋಡಿ ಹೋದ. ಅಷ್ಟು ನಿಧಾನಕ್ಕೆ ಬೈಕು ಓಡಿಸಿದರೆ ಬೀಳುವ ಸ್ಥಿತಿ. ಎಂಜಿನ್ನಿಗೇ ಏನೋ ಆಗಿರಬೇಕು ಎಂದುಕೊಂಡು ಪಕ್ಕಕ್ಕೆ ಹೋದೆ.

“ಮಾವ, ಏನಾತ್ರಿ? ಜೋರು ಬಿಡ್ರಿ, ರೇಸ್ ಕಾರು ಇದು.”

ಮಾವ ನನ್ನ ಕಡೆ ಸ್ವಲ್ಪ ವಾಲಿ, ಮಾತು ತುಂಡಾಗಬಾರದು ಎಂಬ ಹಾಗೆ ಸಣ್ಣ ದನಿಯಲ್ಲಿ ಹೇಳಿದರು.

“ಆಕಿ ಮಾತಾಡಾಕತ್ಯಾಳ್ರಿ. ಜೋರು ಹೋದ್ರ ಗಾಳಿಗೆ ಕೇಳಂಗಿಲ್ಲ.”

ಅತ್ತೆಗೆ ನಾನು ಬಂದದ್ದೂ ತಿಳಿದಿರಲಿಲ್ಲ. ಕೈ ಚಾಚಿ ಯಾವುದೋ ಹೊಲ ತೋರಿಸುತ್ತ, ಏನೋ ಹೇಳುತ್ತಲೇ ಇದ್ದರು. ನಾನು ಬೈಕು ನಿಲ್ಲಿಸಿ, ಅವರಿಬ್ಬರನ್ನೂ ಬಹಳ ದೂರ ಮುಂದೆ ಹೋಗಲು ಬಿಟ್ಟೆ.