ಕೂತು ಕಲಿತ ಓಟ

ಸದರಿ ಶಾಲೆಯ ಆಟದ ಮೈದಾನಕ್ಕೆ ಶಿಕ್ಷಣ ಇಲಾಖೆಯಿಂದ ಅತ್ಯುತ್ತಮ ಮೈದಾನವೆಂಬ ಪ್ರಶಸ್ತಿ ಫಲಕವು ವರ್ಷ ತಪ್ಪದೆ ಬರುತ್ತಿದ್ದು, ಅದರ ಹುಲ್ಲಿನ ಮೇಲೆ ಇದುವರೆಗೆ ಯಾವ ಮಗುವೂ ಕಾಲಿಟ್ಟಿಲ್ಲವೆಂಬುದೇ ಈ ಸಾಧನೆಗೆ ಮುಖ್ಯ ಕಾರಣವಾಗಿರುತ್ತದೆ. ಫಲಕದ ನಿಯಮ ಬಹಳ ಸರಳ. ತಪಾಸಣೆಯ ದಿನ ಮೈದಾನ ಹೇಗಿತ್ತೋ ವರ್ಷಪೂರ್ತಿ ಹಾಗೆಯೇ ಇರತಕ್ಕದ್ದು. ಎಲ್ಲಾದರೂ ಅಂಗೈಯಗಲ ಮಣ್ಣು ಕಂಡರೂ ಫಲಕ ಹಿಂದಿರುಗಿಸತಕ್ಕದ್ದು. ಆದ್ದರಿಂದ ಮೈದಾನಕ್ಕೆ ತಂತಿ ಬೇಲಿ, ಬೇಲಿಗೆ ಗೇಟು, ಗೇಟಿಗೆ ಬೀಗ. ಬೀಗದ ಕೈ ಆಟದ ಮೇಷ್ಟ್ರ ಜೇಬಿನಲ್ಲಿ.

ಆಟದ ಮೇಷ್ಟ್ರು ಒಳ್ಳೆಯ ಮನುಷ್ಯ. ಹರೆಯದಲ್ಲಿ ಒಳ್ಳೆಯ ಓಟಗಾರರೂ ಆಗಿದ್ದರಂತೆ. ಮಕ್ಕಳನ್ನು ಓಡಿಸಿ ಆಡಿಸಿ ಗಟ್ಟಿಮುಟ್ಟು ಮಾಡಬೇಕು ಅಂತ ಆಸೆಪಟ್ಟೇ ಈ ಕೆಲಸಕ್ಕೆ ಸೇರಿದ್ದು. ಆಸೆಪಡುವುದಕ್ಕೆ ಇಲಾಖೆಯ ಅಡ್ಡಿಯೇನೂ ಇರಲಿಲ್ಲ. ಈಗ ಅವರು ಬೆಳಿಗ್ಗೆ ಹುಲ್ಲಿಗೆ ನೀರು ಬಿಡುತ್ತಿದ್ದರು, ಸಂಜೆ ಹುಲ್ಲಿಗೆ ನೀರು ಬಿಡುತ್ತಿದ್ದರು, ನಡುವೆ ಯಾವುದಾದರೂ ಮಗು ಬೇಲಿಯತ್ತ ಸುಳಿದರೆ ಸೀಟಿ ಊದುತ್ತಿದ್ದರು. ಈ ಸೀಟಿಯಲ್ಲಿ ಅವರನ್ನು ಮೀರಿಸಿದವರಿಲ್ಲ. ಕಾಲು ಹುಲ್ಲಿಗೆ ತಾಗುವ ಮೊದಲೇ ಸೀಟಿ ಕಿವಿಗೆ ತಾಗಿರುತ್ತಿತ್ತು. ಅವರ ಸೀಟಿ ಕೇಳಿದರೆ ಪಕ್ಕದ ರಸ್ತೆಯಲ್ಲಿ ಸೈಕಲ್ ಮೇಲೆ ಹೋಗುವವರೂ ಇಳಿದು ನಿಲ್ಲುತ್ತಿದ್ದರು.

ಅವರಿಗೊಬ್ಬಳು ಮಗಳು. ಮನೆಯಲ್ಲಿ ಬಂಗಾರಿ ಅನ್ನುತ್ತಿದ್ದರು. ಅದೇ ಶಾಲೆ, ಮೂರನೆಯ ತರಗತಿ. ಈ ಬಂಗಾರಿಗೆ ಹಸಿವಿಲ್ಲ, ರಾತ್ರಿ ಸರಿಯಾಗಿ ನಿದ್ದೆಯಿಲ್ಲ, ಮುಖದಲ್ಲಿ ಕಳೆಯಿಲ್ಲ. ಮೇಷ್ಟ್ರೂ ಹೆಂಡತಿಯೂ ಹೆದರಿ ಡಾಕ್ಟರ ಹತ್ತಿರ ಕರೆದುಕೊಂಡು ಹೋದರು. ಡಾಕ್ಟರು ಕಣ್ಣು ನೋಡಿದರು, ನಾಲಗೆ ನೋಡಿದರು, ಬೆನ್ನಿಗೆ ಕೊಳವೆ ಇಟ್ಟು ಕೇಳಿದರು. ಆಮೇಲೆ ಮಾತ್ರೆ ಬರೆಯದೆ ಪೆನ್ನಿಗೆ ಮುಚ್ಚಳ ಹಾಕಿದರು.

“ರೋಗ ಇಲ್ಲ. ದಿನಾ ಬೆವರು ಇಳಿಯೋ ಹಾಗೆ ಓಡಾಡಲಿ, ಆಟ ಆಡಲಿ. ಈಗಲೇ ಆಡದೇ ಇದ್ದರೆ ಮುಂದೆ ಕಷ್ಟ. ಅಂದ ಹಾಗೆ, ತಾವು ಏನು ಕೆಲಸ ಮಾಡ್ತೀರಿ?”

ಮೇಷ್ಟ್ರು ಹೇಳಿದರು. ಡಾಕ್ಟರು ಸ್ವಲ್ಪ ಹೊತ್ತು ಅವರ ಮುಖವನ್ನೇ ನೋಡಿ, ಮುಂದಿನವರನ್ನು ಕಳಿಸಿ ಎಂದರು. ಹಿತ್ತಲ ಗಿಡ ಮದ್ದಲ್ಲ ಅನ್ನೋದು ಸುಮ್ಮನೆ ಅಲ್ಲ ಎಂದು ಹೆಂಡತಿ ದಾರಿಯುದ್ದಕ್ಕೂ ಹೇಳುತ್ತ ಬಂದಳು. ಮೇಷ್ಟ್ರಿಗೆ ನಿಜವಾಗಿ ನಾಚಿಕೆಯಾಯಿತು. ಹೇಗಾದರೂ ಮಾಡಿ ಮಗಳನ್ನು ಆ ಮೈದಾನದಲ್ಲಿ ಓಡಿಸಲೇಬೇಕು ಅಂತ ಅವತ್ತೇ ಮನಸ್ಸು ಮಾಡಿದರು.

ಅದೃಷ್ಟ ನೋಡಿ, ಅದೇ ವಾರ ಇಲಾಖೆಯಿಂದ ಸುತ್ತೋಲೆ ಬಂತು. ‘ಮಕ್ಕಳ ಸದೃಢ ಆರೋಗ್ಯ ಅಭಿಯಾನ.’ ದೈಹಿಕ ಚಟುವಟಿಕೆಯು ಮಕ್ಕಳಿಗೆ ಅತ್ಯವಶ್ಯಕವಾಗಿರುವುದರಿಂದ ಪ್ರತಿಯೊಂದು ಮಗುವೂ ಪ್ರತಿದಿನ ಓಡುವಂತೆ ಕ್ರಮ ಕೈಗೊಳ್ಳತಕ್ಕದ್ದು, ತಪ್ಪಿದಲ್ಲಿ ಶಿಸ್ತುಕ್ರಮ ಜರುಗಿಸಲಾಗುವುದು. ಮೇಷ್ಟ್ರಿಗೆ ರೋಗಿ ಬಯಸಿದ್ದೂ ಹಾಲು, ವೈದ್ಯ ಹೇಳಿದ್ದೂ ಹಾಲು ಅನ್ನುವ ಹಾಗಾಯಿತು. ಬೀಗಕ್ಕೆ ಎಣ್ಣೆ ಬಿಟ್ಟು ಕಾದರು.

ಮುಖ್ಯೋಪಾಧ್ಯಾಯಿನಿಯವರು ಸಭೆ ಕರೆದರು. ವಿಜ್ಞಾನದ ಮೇಡಂ ಬಂದರು, ಪೋಷಕರ ಪರವಾಗಿ ಬಟ್ಟೆ ಅಂಗಡಿ ಸಾಹುಕಾರರು ಬಂದರು, ಬಾಗಿಲ ಹತ್ತಿರದ ಕುರ್ಚಿಯಲ್ಲಿ ಆಟದ ಮೇಷ್ಟ್ರು ಕೂತರು. ಮಕ್ಕಳು ಓಡಬೇಕು ಎಂಬುದಕ್ಕೆ ಎಲ್ಲರದೂ ಒಪ್ಪಿಗೆಯೇ. ಎಲ್ಲಿ ಎಂಬಲ್ಲಿ ಮಾತ್ರ ಕೊಂಚ ತೊಡಕಾಯಿತು. ಮೈದಾನದಲ್ಲಿ ಓಡಿದರೆ ಫಲಕ ಹೋಗುತ್ತದೆ. ಪಡಸಾಲೆಯಲ್ಲಿ ಓಡಿದರೆ ಗಣಿತಕ್ಕೆ ಧಕ್ಕೆ. ರಸ್ತೆಯಲ್ಲಿ ಓಡಿದರೆ ವಾಹನಗಳಿಗೆ ತೊಂದರೆ. ನಿಂತಲ್ಲೇ ಓಡಿಸಬಹುದಲ್ಲ ಎಂದು ವಿಜ್ಞಾನದ ಮೇಡಂ ಸೂಚಿಸಿದರು. ಹಾಗೆ ಮಾಡಿದರೆ ಕೆಳಗಿನ ಕೊಠಡಿಗೆ ಸೂರಿನ ಗಾರೆ ಉದುರುವುದೆಂದು ಸಾಹುಕಾರರು ಎಚ್ಚರಿಸಿದರು. ಮೇಷ್ಟ್ರು ಎದ್ದು ನಿಂತು, ಹುಲ್ಲು ಹೋದರೆ ಮತ್ತೆ ಬೆಳೆಯತ್ತೆ ಮೇಡಂ, ಮಕ್ಕಳು ಬೆಳೆಯೋದು ಒಂದೇ ಸಲ ಎಂದರು. ಮಾತು ಎಲ್ಲರಿಗೂ ಹಿಡಿಸಿತು. ಇದನ್ನು ದಪ್ಪ ಅಕ್ಷರದಲ್ಲಿ ಬರೆಸಿ ಬೇಲಿಗೆ ಕಟ್ಟಬೇಕೆಂದು ಅಲ್ಲೇ ತೀರ್ಮಾನವಾಯಿತು.

ಕೊನೆಗೆ ದಾರಿ ತೋರಿದವರು ಮುಖ್ಯೋಪಾಧ್ಯಾಯಿನಿಯವರೇ. ಈ ಶಾಲೆಯಲ್ಲಿ ಯಾವುದನ್ನು ತಾನೇ ನಾವು ಮಾಡಿ ಕಲಿಸಿದ್ದೇವೆ, ಕೃಷಿಯನ್ನು ಹೊಲಕ್ಕೆ ಹೋಗಿ ಕಲಿಸಿದ್ದೇವೆಯೇ, ಸಮುದ್ರವನ್ನು ಈಜಿ ಕಲಿಸಿದ್ದೇವೆಯೇ ಎಂದು ಅವರು ಕೇಳಿದರು. ಹೌದಲ್ಲ ಎಂದು ಎಲ್ಲರಿಗೂ ಅನಿಸಿತು. ಅಂದಿನಿಂದ ಓಟ ಒಂದು ಪಾಠವಾಯಿತು. ಪುಸ್ತಕವೂ ಅಚ್ಚಾಗಿ ಬಂತು. ಮೊದಲ ಅಧ್ಯಾಯ ‘ಕಾಲು’, ಎರಡನೆಯದು ‘ಇನ್ನೊಂದು ಕಾಲು’. ಬೆವರಿನ ಬಗ್ಗೆ ಪ್ರತ್ಯೇಕ ಅಧ್ಯಾಯವೇ ಇದ್ದು, ಅದನ್ನು ಬಾಯಿಪಾಠ ಮಾಡತಕ್ಕದ್ದೆಂದು ಸೂಚಿಸಲಾಗಿತ್ತು.

ಪಾಠ ಮಾಡಬೇಕಾದವರು ಆಟದ ಮೇಷ್ಟ್ರು. ಮತ್ಯಾರು? ಆಟದ ಪೀರಿಯಡ್ಡಿನಲ್ಲಿ ಪಠ್ಯ ಮುಗಿಯದ್ದರಿಂದ ಮಧ್ಯಾಹ್ನದ ಬಿಡುವನ್ನೂ ಓಟಕ್ಕೇ ಕೊಡಲಾಯಿತು. ಅಷ್ಟರವರೆಗೆ ಮಕ್ಕಳು ಬಿಡುವಿನಲ್ಲಿ ಕಂಬದಿಂದ ಕಂಬಕ್ಕಾದರೂ ಅಟ್ಟಿಸಿಕೊಂಡು ಹೋಗುತ್ತಿದ್ದರು. ಈಗ ಅಭಿಯಾನದ ದೆಸೆಯಿಂದ ಆ ಅಶಿಸ್ತೂ ನಿಂತಿತು. ಉತ್ತಮ ಅಭ್ಯಾಸಗಳೂ ಜಾರಿಗೆ ಬಂದವು. ನೀರೆಲ್ಲ ಹುಲ್ಲಿಗೆ ಬೇಕಾದ್ದರಿಂದ ನಲ್ಲಿಗಳ ಬಾಯಿ ಕಟ್ಟಲಾಗಿತ್ತು. ಮಕ್ಕಳು ಊಟಕ್ಕೆ ಮುಂಚೆ ಸಾಲಾಗಿ ನಿಂತು ಒಣ ಕೈಗಳನ್ನು ಶಾಸ್ತ್ರೋಕ್ತವಾಗಿ ಉಜ್ಜಿಕೊಳ್ಳುತ್ತಿದ್ದರು. ಹಣ್ಣಿನ ಚಿತ್ರ ಬರೆದು ಬಣ್ಣ ತುಂಬಿದ ಮಗು ಆ ಹಣ್ಣನ್ನು ತಿಂದಿರುವುದಾಗಿ ಪರಿಗಣಿಸತಕ್ಕದ್ದೆಂದು ಇನ್ನೊಂದು ಆದೇಶ ಬಂತು.

ಪೋಷಕರ ಸಂತೋಷ ಕೇಳಬೇಡಿ. ಮೊದಲು ಮಕ್ಕಳು ಆಡಿ ಹಾಳಾಗುತ್ತಿದ್ದವು, ಈಗ ಆಟದಲ್ಲೂ ಅಂಕ ತರುತ್ತಿವೆಯಲ್ಲ! ಓಟದಲ್ಲಿ ಹಿಂದುಳಿದ ಮಕ್ಕಳಿಗೆ ಸಂಜೆ ಟ್ಯೂಷನ್ ಶುರುವಾಯಿತು. ಬೀದಿಯಲ್ಲಿ ಚೆಂಡು ಒದೆಯುತ್ತಿದ್ದ ಹುಡುಗರನ್ನು ತಾಯಂದಿರು ಕಿವಿ ಹಿಡಿದು ಒಳಗೆ ಎಳೆದು, ಪರೀಕ್ಷೆ ಹತ್ತಿರ ಬಂತು, ಓಟ ಓದ್ಕೋ ಎಂದು ಗದರಿಸಿದರು.

ಬಂಗಾರಿ ಅಪ್ಪನ ಮಗಳಲ್ಲವೆ, ಇಡೀ ಪುಸ್ತಕ ನಾಲಗೆಯ ತುದಿಯಲ್ಲಿತ್ತು. ಸಂಜೆ ಬಂದು ಕೂತರೆ ಮಲಗುವ ತನಕ ಓದು. ಹಸಿವು ಹಾಗೇ, ನಿದ್ದೆ ಹಾಗೇ. ಒಂದು ದಿನ ಹೆಂಡತಿ ಪಾತ್ರೆ ಒರೆಸುತ್ತ ಕೇಳಿದಳು:

“ರೀ, ಮಗು ಇಷ್ಟು ತಿಂಗಳಿಂದ ಕೂತು ಕೂತು ಓಡ್ತಿದೆಯಲ್ಲ, ಎಲ್ಲಿಗಾದ್ರೂ ಸೇರಿತಾ?”

ಮೇಷ್ಟ್ರು ಜೇಬಿನಲ್ಲಿದ್ದ ಬೀಗದ ಕೈಯನ್ನು ಮುಟ್ಟಿ ನೋಡಿಕೊಂಡರು. ಮಾರನೆಯ ಸಂಜೆ ಶಾಲೆ ಬಿಟ್ಟು, ಎಲ್ಲರೂ ಹೋದ ಮೇಲೆ, ಮಗಳ ಕೈ ಹಿಡಿದು ಮೈದಾನಕ್ಕೆ ಬಂದರು. ಬೀಗ ತೆಗೆದರು. ಫಲಕ ಹಾಳಾಗಿ ಹೋಗಲಿ, ಕೆಲಸ ಹೋದರೆ ಹೋಗಲಿ ಎಂದು ಮನಸ್ಸು ಗಟ್ಟಿ ಮಾಡಿಕೊಂಡಿದ್ದರು. ಹುಲ್ಲು ಕಣ್ಣು ತಂಪಾಗುವ ಹಾಗಿತ್ತು. ಹೋಗು ಕಂದಾ, ಓಡು ಎಂದರು.

ಬಂಗಾರಿ ಗೇಟಿನಲ್ಲೇ ನಿಂತಳು. ಬಲಗಾಲು ಮೊದಲೋ ಎಡಗಾಲು ಮೊದಲೋ ಎಂದು ಕೇಳಿದಳು. ಯಾವುದಾದರೂ ಸರಿ ಎಂದರು. ಹಾಗೆ ಪುಸ್ತಕದಲ್ಲಿ ಇಲ್ಲ ಎಂದಳು. ಮೇಷ್ಟ್ರು ಬೆನ್ನು ಸವರಿ, ಗೋಗರೆದು, ಮೆಲ್ಲಗೆ ಮುಂದೆ ತಳ್ಳಿದರು. ಮಗು ಒಂದು ಹೆಜ್ಜೆ ಇಟ್ಟಿತು. ಹುಲ್ಲು ಮೆತ್ತಗಿತ್ತೇನೋ, ನಕ್ಕಿತು. ಮತ್ತೆ ಇನ್ನೊಂದು ಹೆಜ್ಜೆ, ಆಮೇಲೆ ಕೈ ಬೀಸಿಕೊಂಡು ಓಡಿಯೇ ಬಿಟ್ಟಿತು. ಎಷ್ಟೋ ತಿಂಗಳ ಮೇಲೆ ಆ ಮುಖದಲ್ಲಿ ಕೆಂಪು ಕಂಡು ಮೇಷ್ಟ್ರ ಕಣ್ಣು ತುಂಬಿತು.

ಅಷ್ಟರಲ್ಲಿ ಸೀಟಿ ಕೇಳಿಸಿತು. ಯಾರಪ್ಪಾ ಇದು ಎಂದು ಮೇಷ್ಟ್ರು ಸುತ್ತ ನೋಡಿದರು. ಯಾರೂ ಇರಲಿಲ್ಲ. ಸೀಟಿ ಅವರ ಬಾಯಲ್ಲೇ ಇತ್ತು. ಇಷ್ಟು ವರ್ಷದ ಅಭ್ಯಾಸ, ಹುಲ್ಲಿನ ಮೇಲೆ ಮಗು ಕಂಡ ಕೂಡಲೇ ಕೈ ತಾನಾಗಿ ಎತ್ತಿಕೊಟ್ಟಿತ್ತು, ಬಾಯಿ ತಾನಾಗಿ ಊದಿತ್ತು.

ಬಂಗಾರಿ ಇದ್ದಲ್ಲೇ ನಿಂತಳು. ತಲೆ ತಗ್ಗಿಸಿಕೊಂಡು, ತಾನು ತುಳಿದ ಹುಲ್ಲನ್ನೇ ಜೋಪಾನವಾಗಿ ನೋಡುತ್ತ ಹೊರಗೆ ಬಂದಳು.

“ತಪ್ಪಾಯ್ತು ಸರ್. ಇನ್ನು ಓಡಲ್ಲ” ಎಂದಳು.

ಅಪ್ಪಾ ಅನ್ನಲಿಲ್ಲ. ಮೇಷ್ಟ್ರು ಎಷ್ಟು ಕರೆದರೂ ಮತ್ತೆ ಒಳಗೆ ಕಾಲಿಡಲಿಲ್ಲ. ಅವರು ಬಗ್ಗಿದ ಹುಲ್ಲನ್ನು ಕೈಯಿಂದ ಎಬ್ಬಿಸಿ, ನೀರು ಚಿಮುಕಿಸಿ, ಬೀಗ ಹಾಕಿದರು.

ವರ್ಷದ ಕೊನೆಗೆ ಕ್ರೀಡಾಕೂಟ. ಸ್ಥಳ, ಸಭಾಂಗಣ. ಸ್ಪರ್ಧಿಗಳು ತಮ್ಮ ತಮ್ಮ ಕುರ್ಚಿಗಳಲ್ಲಿ ಸಜ್ಜಾಗಿ ಕೂತಿರಬೇಕೆಂದೂ, ಎದ್ದವರನ್ನು ಅನರ್ಹಗೊಳಿಸಲಾಗುವುದೆಂದೂ ಧ್ವನಿವರ್ಧಕದಲ್ಲಿ ಪ್ರಕಟಿಸಲಾಯಿತು. ಸ್ಪರ್ಧೆ ಬಿರುಸಾಗಿಯೇ ನಡೆಯಿತು. ಬೆವರಿನ ಅಧ್ಯಾಯದಲ್ಲಿ ಹಲವು ಮಕ್ಕಳು ಎಡವಿದರು. ಬಂಗಾರಿ ಮಾತ್ರ ಎಲ್ಲಿಯೂ ತಡವರಿಸದೆ ಕೊನೆಯ ಪುಟ ಮುಟ್ಟಿ ಪ್ರಥಮ ಸ್ಥಾನ ಪಡೆದಳು. ಚಪ್ಪಾಳೆಗೆ ಕಿಟಕಿಯ ಗಾಜು ಅದುರಿತು.

ಪದಕ ಕೊಡಲು ಇಲಾಖೆಯ ಹಿರಿಯ ಅಧಿಕಾರಿಗಳು ವೇದಿಕೆಯ ಮೇಲಿದ್ದರು. ವೇದಿಕೆಗೆ ನಾಲ್ಕಾರು ಮೆಟ್ಟಿಲು. ಬಂಗಾರಿ ಅರ್ಧ ಹತ್ತುವಷ್ಟರಲ್ಲಿ ಏದುಸಿರು ಬಂದು ಮೆಟ್ಟಿಲ ಕಂಬಿ ಹಿಡಿದು ಕೂತುಬಿಟ್ಟಳು. ತುಟಿ ಬೆಳ್ಳಗಾಗಿತ್ತು. ಅಧಿಕಾರಿಗಳು ದೊಡ್ಡ ಮನಸ್ಸಿನವರು, ತಾವೇ ಇಳಿದು ಬಂದರು. ಎರಡು ಮೆಟ್ಟಿಲು ಇಳಿದು ಅವರೂ ಎದೆ ಹಿಡಿದುಕೊಂಡು ಪಕ್ಕದಲ್ಲೇ ಕೂತರು. ಇಬ್ಬರಿಗೂ ಉಸಿರು ಹದಕ್ಕೆ ಬರುವ ತನಕ ಸಭೆ ಕಾದು ಕೂತಿತು. ಆಮೇಲೆ ಅಲ್ಲೇ ಪದಕ ಪ್ರದಾನವಾಯಿತು. ಮಕ್ಕಳ ಹಿತದೃಷ್ಟಿಯಿಂದ ಬರುವ ವರ್ಷದಿಂದ ಪದಕಗಳನ್ನು ಕುರ್ಚಿಗೇ ತಲುಪಿಸಲಾಗುವುದೆಂದು ಅಧಿಕಾರಿಗಳು ಕೂತಲ್ಲಿಂದಲೇ ಘೋಷಿಸಿದರು. ಇಂಥ ಓಟಗಾರ್ತಿಯನ್ನು ಕೊಟ್ಟ ತಂದೆ ಯಾರು ಎಂದು ವಿಚಾರಿಸಿ, ಮೇಷ್ಟ್ರಿಗೂ ಶಾಲು ಹೊದಿಸಿದರು. ಮೇಷ್ಟ್ರು ಕೈ ಮುಗಿದರು.

ಸಭೆ ಮುಗಿದು ಹೊರಗೆ ಬಂದಾಗ ಬಂಗಾರಿ, ಅಪ್ಪಾ ಕಾಲು ನೋಯತ್ತೆ, ಎತ್ಕೋ ಎಂದಳು. ಮೇಷ್ಟ್ರು ಎತ್ತಿಕೊಂಡರು. ಪದಕ ಇಬ್ಬರ ನಡುವೆ ಒತ್ತುತ್ತಿತ್ತು. ದಾರಿಯಲ್ಲಿ ಸಿಕ್ಕವರೆಲ್ಲ ನಿಂತು ಅಭಿನಂದಿಸಿದರು. ಓಟದಲ್ಲಿ ಮೊದಲು ಬಂದ ಮಗುವನ್ನು ನಡೆಸಿಕೊಂಡು ಹೋಗುವುದು ಎಲ್ಲಾದರೂ ಉಂಟೇ, ನೀವು ಎತ್ತಿಕೊಂಡಿದ್ದೇ ಸರಿ ಎಂದರು. ಮೇಷ್ಟ್ರೂ ಹೌದೆಂದರು.