ಕೂಸಿನ ಎದೆಯೊಳಗಿನ ಗೌಂಡಿ ಕೆಲಸ

ಬಸುರಿ ಇರುವ ಮನೆಯಲ್ಲಿ ನಾನು ಒಂದು ಮಾತು ವಿವರಿಸಿ ಬಂದರೆ ಸಾಕು, ಮರುದಿನ ಅಲ್ಲೊಂದು ಹೊಸ ಕಾಯಿದೆ ಜಾರಿಯಾಗಿರುತ್ತದೆ. ಮಂಡ್ಯದ ಕಡೆಯಿಂದ ಶಹಾಬಾದಿಗೆ ನರ್ಸಾಗಿ ಬಂದವಳು ನಾನು. ನಿವೃತ್ತಳಾಗಿ ಇಲ್ಲೇ ಮುದುಕಿಯಾದೆ. ಸುಮ್ಮನಿರುವುದನ್ನು ಮಾತ್ರ ಇನ್ನೂ ಕಲಿತಿಲ್ಲ.

೧. ಜೋಳದ ಹಿಟ್ಟು

ಭಂಕೂರಿನಲ್ಲಿ ನನಗೆ ಪರಿಚಯದ ಒಬ್ಬ ಗೌಂಡಿ ಇದ್ದಾರೆ, ಗೋಡೆ ಕಟ್ಟುವುದರಲ್ಲಿ ಪಳಗಿದ ಕೈ. ಅವರ ಸೊಸೆ ಹಿಂದೊಮ್ಮೆ ಬಸಿರು ಕಳೆದುಕೊಂಡಿದ್ದಳು. ಈ ಎರಡನೆಯ ಬಸಿರಿನಲ್ಲಿ ಸ್ಕ್ಯಾನ್ ಮಾಡಿದ ಡಾಕ್ಟರು, ಎದೆಬಡಿತ ಇನ್ನೂ ಕಾಣುತ್ತಿಲ್ಲ, ಹತ್ತು ದಿನ ಬಿಟ್ಟು ಬನ್ನಿ ಎಂದರಂತೆ. ಮನೆಮಂದಿಗೆಲ್ಲ ಊಟ ಸೇರದಾಯಿತು.

ಧೈರ್ಯ ಹೇಳೋಣವೆಂದು ಹೋದೆ. ಹೃದಯ ಮೊದಲು ಬರೀ ಒಂದು ಕೊಳವೆ, ಅದು ಬಾಗಿ ಹೊರಳಿ ನಿಧಾನಕ್ಕೆ ಆಕಾರಕ್ಕೆ ಬರುತ್ತದೆ ಎಂದೆ. ತೋರಿಸಲೆಂದು ಅತ್ತೆ ನಾದಿಟ್ಟಿದ್ದ ಹಿಟ್ಟನ್ನೇ ಉದ್ದಕ್ಕೆ ಹೊಸೆದು ಬಾಗಿಸಿದೆ. ಅದು ಜೋಳದ ಹಿಟ್ಟು. ನಡುವೆ ಬಿರಿದು ಎರಡು ತುಂಡಾಯಿತು.

ಮರುದಿನದಿಂದ ಸೊಸೆಗೆ ರೊಟ್ಟಿ ಬಂದ್. ಯಾಕೆ ಎಂದು ಅತ್ತೆಯನ್ನು ಕೇಳಿದೆ.

"ಅದು ಹೊರಳೂ ತನಕ ಬರೇ ಚಪಾತಿರಿ. ಗೋಧಿ ಮುರಿಯಂಗಿಲ್ಲ."

೨. ನೀರು ಹೊಡೆಯುವುದು

ಹತ್ತನೆಯ ದಿನ ಬಡಿತ ಕಂಡಿತು. ಸೊಸೆ ಅತ್ತಳು, ಅತ್ತೆ ದೃಷ್ಟಿ ತೆಗೆದರು. ನಾನು ಅಲ್ಲಿಗೇ ಬಿಡಬಹುದಿತ್ತು. ಹೃದಯ ಕೆಲಸ ಶುರು ಮಾಡಿದೆ, ಒಳಗಿನ ಗೋಡೆಗಳು ಮಾತ್ರ ಇನ್ನು ಮೇಲೆ ಎದ್ದು ನಾಲ್ಕು ಕೋಣೆ ಆಗಬೇಕು ಎಂದುಬಿಟ್ಟೆ.

ಗೌಂಡಿಯ ಕಿವಿ ನೆಟ್ಟಗಾಯಿತು. "ಖೋಲಿ ಕಟ್ಟೂಕ್ಕಿಂತ ಮದಲೇ ಸಂಸಾರ ಚಾಲೂ ಏನ್ರಿ?"

ಹೌದೆಂದೆ. ಹಾಗೆ ಅವಸರದಲ್ಲಿ ಎದ್ದ ಗೋಡೆಗೆ ಸರಿಯಾಗಿ ನೀರು ಹೊಡೆಯದಿದ್ದರೆ ಬಿರುಕು ಗ್ಯಾರಂಟಿ ಎಂದು ಅವರು ತೀರ್ಮಾನಿಸಿದರು. ತಾಸಿಗೊಮ್ಮೆ ನೀರು ತುಂಬಿದ ಚರಿಗೆ ಹಿಡಿದು, ಕುಡಿ ಎಂದು ಸೊಸೆಯ ಮುಂದೆ ನಿಲ್ಲತೊಡಗಿದರು. ವಾರದ ಮೇಲೆ ಆಕೆ ನನಗೆ ಫೋನ್ ಮಾಡಿದಳು.

"ಆ ಗೋಡಿ ಎಂದ ಗಟ್ಟಿ ಆಗ್ತಾವ ಹೇಳ್ರಿ ನರ್ಸಬಾಯಿ. ನಂದು ಅರ್ಧ ದಿನ ಬಚ್ಚಲದಾಗೇ ಹೋಗ್ಲಿಕತ್ತದ."

೩. ಬಾಗಿಲು ಕಾದ ಅಜ್ಜ

ಐದನೆಯ ತಿಂಗಳಲ್ಲಿ ಗೋಡೆಗಳೆಲ್ಲ ಸರಿ ಇವೆ ಎಂದರು ಡಾಕ್ಟರು. ಮತ್ತೆ ನನ್ನ ನಾಲಿಗೆ ತುರಿಸಿತು. ಮೇಲಿನ ಎರಡು ಕೋಣೆಗಳ ನಡುವೆ ಸಣ್ಣದೊಂದು ಬಾಗಿಲು ಇರುತ್ತದೆ, ಹುಟ್ಟಿದ ಕೂಸು ಅತ್ತು ಉಸಿರೆಳೆದಾಗ ಅದು ಮುಚ್ಚಿಕೊಳ್ಳುತ್ತದೆ ಎಂದೆ. ಗೌಂಡಿಯ ನಿದ್ದೆ ಹಾರಿತು. ಕೂಸು ಸಾಕಷ್ಟು ಅಳದಿದ್ದರೆ?

ಹೆರಿಗೆಯ ದಿನ ಅವರನ್ನು ಒಳಗೆ ಬಿಟ್ಟದ್ದೇ ತಡವಾಗಿ. ವಾರ್ಡಿಗೆ ಕಾಲಿಡುತ್ತಲೇ ಮೊದಲ ಪರದೆಯ ಹಿಂದೆ ಕೂಸೊಂದು ಚೀರುತ್ತಿತ್ತು. ಕೂಸಿನ ಕಡೆ ಸರಿಯಾಗಿ ನೋಡದೆಯೇ, ಎತ್ತಿಕೊಳ್ಳಲು ಹೊರಟ ಹೆಂಗಸನ್ನು ಗೌಂಡಿ ಕೈ ಅಡ್ಡ ಹಿಡಿದು ತಡೆದರು.

"ತಡೀರಿ ತಾಯಿ, ಅಳ್ಲಿ. ನಾ ಭಂಕೂರದಾಂವ, ಇದರ ಅಜ್ಜ. ಬಾಗಲಾ ಪೂರಾ ಮುಚ್ಚಲಿ."

ನಾನು ಹಿಂದಿನಿಂದ ಓಡಿ ಬರುವಷ್ಟರಲ್ಲಿ ಅವರು ಎದೆಯೊಳಗಿನ ಕಟ್ಟಡದ ನಕ್ಷೆಯನ್ನೆಲ್ಲ ಆಕೆಗೆ ಬಿಡಿಸಿ ಹೇಳಿದ್ದರು. ಆಕೆ ತಾಳ್ಮೆಯಿಂದ ಎಲ್ಲ ಕೇಳಿಸಿಕೊಂಡಳು.

"ಕಾಕಾ, ನಾ ಇಲ್ಲಿ ನನ್ನ ಬಾಣಂತಿ ತಂಗೀಗಿ ಮಾತಾಡ್ಸಲಿಕ್ಕ ಬಂದಾಕಿ. ಇಂವ ನನ್ನ ಮಗ, ಇವನ ಬಾಗಲಾ ಮುಚ್ಚಿ ಐದು ತಿಂಗಳಾತು. ಭಂಕೂರದ ಕೂಸು ಆಗಲೇ ವಾರ್ಡೆಲ್ಲಾ ಎದ್ದು ಕೂಡೂ ಹಂಗ ಅತ್ತು, ಹಾಲು ಕುಡದು, ಆಚೆ ಮಂಚದಾಗ ಮಲಗೇದ. ನೀವು ಜರಾ ಕೈ ತಗೀರಿ, ನನ್ನ ಮಗ ಹಸದಾನ."